ದೋಣಿಗೆ ಹೋಸ್ ಕ್ಲಿಪ್ ಕೊಳ್ಳುವಾಗ ಮೊದಲು ಸ್ಕ್ರೂ ನೋಡಿ

ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೋಸ್ ಕ್ಲಿಪ್, ಅಂದರೆ ಪೈಪು ಕಳಚದಂತೆ ಅದರ ತುದಿಯನ್ನು ಸುತ್ತಿ ಬಿಗಿಯುವ ಲೋಹದ ಪಟ್ಟಿ, ಕೇಳಿ ನೋಡಿ. ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ.

"ಅಣ್ಣ, ಇದು ಎಸ್‌ಎಸ್ಸಾ?"

"ಪಕ್ಕಾ ಎಸ್‌ಎಸ್ಸು ಸಾರ್."

"ಸ್ಕ್ರೂನೂ ಎಸ್‌ಎಸ್ಸೇನಾ?"

"ಸ್ಕ್ರೂ ಏನೋ ಗೊತ್ತಿಲ್ಲ ಸಾರ್. ಕ್ಲಿಪ್ ಮಾತ್ರ ಎಸ್‌ಎಸ್ಸು."

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ನಮ್ಮ ಕಡೆ ಸಿಗುವ ಕ್ಲಿಪ್‌ಗಳಲ್ಲಿ ಬಹಳಷ್ಟು ಹಾಗೇ ಇವೆ. ಪಟ್ಟಿ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಸ್ಕ್ರೂ ಸತುವಿನ ಲೇಪ ಹಾಕಿದ ಕಬ್ಬಿಣ. ಹೂದೋಟಕ್ಕೆ ನೀರು ಬಿಡುವ ಪೈಪಿಗೆ ಇದು ಧಾರಾಳವಾಗಿ ಸಾಕು. ಸ್ಕ್ರೂ ತುಕ್ಕು ಹಿಡಿದು ಪೈಪು ಕಳಚಿಕೊಂಡರೆ ಗುಲಾಬಿ ಗಿಡಕ್ಕೆ ಒಂದು ಬಕೆಟ್ ನೀರು ಜಾಸ್ತಿ ಹೋಗುತ್ತದೆ, ಅಷ್ಟೇ. ದೋಣಿಯಲ್ಲಿ ಹಾಗಲ್ಲ. ಅಲ್ಲಿ ನೀರು ಒಳಗೆ ಬರುತ್ತದೆ.

ಎಷ್ಟು ಬರುತ್ತದೆ ಅಂತ ಒಂದು ಲೆಕ್ಕ ಹಾಕೋಣ. ನೀರಿನ ಮಟ್ಟಕ್ಕಿಂತ 30 ಸೆಂ.ಮೀ. ಕೆಳಗೆ 25 ಮಿ.ಮೀ. ಅಗಲದ ತೂತು ಇದೆ ಅಂದುಕೊಳ್ಳಿ. ಅದರ ಪೈಪು ಕಳಚಿಕೊಂಡರೆ ನಿಮಿಷಕ್ಕೆ 40 ಲೀಟರ್‌ಗೂ ಹೆಚ್ಚು ನೀರು ನುಗ್ಗುತ್ತದೆ. ಕಾಲು ಗಂಟೆಯಲ್ಲಿ 600 ಲೀಟರ್. ಅಂದರೆ ಹತ್ತು ಜನ ದೊಡ್ಡವರು ದೋಣಿಗೆ ಹತ್ತಿ ಕೂತಷ್ಟು ಭಾರ.

ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಹತ್ತಿರದ ಯಗಚಿ ಜಲಾಶಯ, ಲಕ್ಕವಳ್ಳಿಯ ಭದ್ರಾ, ಹೋಂಸ್ಟೇ ಇಟ್ಟವರ ತೋಟದ ಕೆರೆಗಳು, ಹೀಗೆ ನಮ್ಮ ಎರಡು ಜಿಲ್ಲೆಗಳಲ್ಲೂ ಎಂಜಿನ್ ದೋಣಿಗಳು ಓಡುತ್ತವೆ. ಕೆಲವರು ಮಲ್ಪೆ, ಮಂಗಳೂರು ಕಡೆಯಿಂದ ಸೆಕೆಂಡ್‌ಹ್ಯಾಂಡ್ ದೋಣಿಯನ್ನು ಲಾರಿಗೆ ಹಾಕಿಸಿ ಘಾಟಿ ಹತ್ತಿಸಿ ತರುತ್ತಾರೆ. ಅಂಥವರಿಗೆ, ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪು ನೋಡಿಕೊಳ್ಳುವವರಿಗೆ ಈ ಬರಹ. ಹರಿಗೋಲಿನವರಿಗೆ ಇದರ ಗೊಡವೆಯೇ ಇಲ್ಲ, ಪುಣ್ಯವಂತರು.

ಮೊದಲು ದೋಣಿಯ ತಳ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಒಂದು ಕಾಗದ, ಪೆನ್ನು, ಟಾರ್ಚ್ ಹಿಡಿದು ದೋಣಿಯೊಳಗೆ ಇಳಿಯಿರಿ. ಯಾವ್ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಎರಡು ತುದಿಯಲ್ಲೂ ಎಷ್ಟೆಷ್ಟು ಕ್ಲಿಪ್ ಇವೆ ಅಂತ ಬರೆದುಕೊಳ್ಳಿ. ಪ್ರತಿ ಪೈಪಿನ ಮುಂದೆ ಒಂದೇ ಪ್ರಶ್ನೆ: ಈ ಜೋಡಣೆ ಬಿಟ್ಟುಕೊಂಡರೆ ಏನಾಗುತ್ತದೆ?

ಒಳಗೇ ಎಂಜಿನ್ ಕೂರಿಸಿದ ದೋಣಿಯಾದರೆ ತಂಪು ಮಾಡಲು ಕೆರೆಯ ನೀರನ್ನು ಎಳೆಯುವ ಪೈಪು ಇರುತ್ತದೆ. ಅದು ದೋಣಿಯ ತಳದ ತೂತಿನಿಂದಲೇ ಶುರು. ವಾಲ್ವ್, ಜರಡಿ, ಎಂಜಿನ್ನಿನ ನೀರಿನ ಪಂಪು, ಹೀಗೆ ದಾರಿಯುದ್ದಕ್ಕೂ ಜೋಡಣೆಗಳು. ಇವೆಲ್ಲ ನೀರಿನ ಮಟ್ಟಕ್ಕಿಂತ ಕೆಳಗೆ. ಇಲ್ಲಿಗೆ ಅತ್ಯುತ್ತಮ ಕ್ಲಿಪ್ಪೇ ಬೇಕು. ಎಂಜಿನ್ ಹೊಗೆ ಮತ್ತು ಬಿಸಿ ನೀರನ್ನು ಹೊರಗೆ ಹಾಕುವ ದೊಡ್ಡ ಪೈಪಿಗೂ ಅದೇ ಮರ್ಯಾದೆ ಕೊಡಿ. ಅದು ಸಡಿಲವಾದರೆ ನೀರು ಬರುವುದಷ್ಟೇ ಅಲ್ಲ, ಕಾರ್ಬನ್ ಮಾನಾಕ್ಸೈಡ್ ದೋಣಿಯೊಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಪೆಟ್ರೋಲ್, ಡೀಸೆಲ್ ಪೈಪು ಇನ್ನೊಂದು ಗುಂಪು. ಅದನ್ನು ಬೇರೆಯಾಗಿಯೇ ಬರೆದುಕೊಳ್ಳಿ, ಅದಕ್ಕೆ ಕ್ಲಿಪ್ಪೇ ಬೇರೆ. ತಳದ ನೀರನ್ನು ಹೊರಗೆ ಎತ್ತಿಹಾಕುವ ಬಿಲ್ಜ್ ಪಂಪಿನ ಪೈಪು ಮೂರನೆಯದು. ಅದು ನೀರಿನ ಮಟ್ಟದ ಮೇಲೆ ಹೊರಗೆ ಬಾಯಿ ಬಿಡುತ್ತದೆ, ಹಾಗಾಗಿ ಜನ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದರೆ ಉಳಿದದ್ದು ಏನೇ ಕೆಟ್ಟರೂ ದೋಣಿ ಉಳಿಸಬೇಕಾದದ್ದು ಅದೇ ಅಲ್ವಾ?

ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಚಿಕ್ಕ ದೋಣಿಯಾದರೆ ಕೆಲಸ ಕಡಿಮೆ. ಇಂಧನದ ಪೈಪು, ಬಿಲ್ಜ್ ಪಂಪು ಇದ್ದರೆ ಅದರ ಪೈಪು, ಅಷ್ಟೇ.

ಕ್ಲಿಪ್ಪಿನ ಮೂರು ಭಾಗ

ಕ್ಲಿಪ್ ಒಂದೇ ವಸ್ತುವಲ್ಲ. ಪೈಪನ್ನು ಸುತ್ತುವ ಪಟ್ಟಿ, ಸ್ಕ್ರೂ ಕೂರುವ ಗೂಡು, ಸ್ಕ್ರೂ, ಹೀಗೆ ಮೂರು ಭಾಗ. ಮೂರೂ ಬೇರೆ ಬೇರೆ ಲೋಹದ್ದಾಗಿರಬಹುದು. ಸ್ಕ್ರೂ ತಿರುಗಿಸಿ ಪಟ್ಟಿ ಬಿಗಿಯುವ ಈ ಉಪಾಯಕ್ಕೆ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್ 1921ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಅದು ಜುಬಿಲಿ ಕ್ಲಿಪ್ ಅಂತ ಹೆಸರಾಯಿತು. ಅಂದಿನಿಂದ ಇಂದಿನವರೆಗೆ ಮೂಲ ರೂಪ ಬದಲಾಗಿಲ್ಲ.

ಒಳ್ಳೆಯ ಕಂಪನಿಯ ಕ್ಲಿಪ್ ಆದರೆ ಪಟ್ಟಿಯ ಮೇಲೆ ಅಚ್ಚು ಇರುತ್ತದೆ. ಅಳತೆಯ ಜೊತೆಗೆ ಡಬ್ಲ್ಯೂ ಅಕ್ಷರ, ಅದರ ಮುಂದೆ 1ರಿಂದ 5ರವರೆಗಿನ ಒಂದು ಅಂಕಿ. ಇದು ಜರ್ಮನಿಯ ಡಿನ್ 3017 ಮಾನದಂಡದ ಗುರುತು. ಓದುವುದು ಸುಲಭ. ಡಬ್ಲ್ಯೂ1 ಅಂದರೆ ಮೂರೂ ಭಾಗ ಸತುವಿನ ಲೇಪದ ಕಬ್ಬಿಣ. ಡಬ್ಲ್ಯೂ2 ಅಂದರೆ ಪಟ್ಟಿ, ಗೂಡು ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಲೇಪದ್ದು. ಮೇಲೆ ಹೇಳಿದ "ಸ್ಕ್ರೂ ಏನೋ ಗೊತ್ತಿಲ್ಲ" ಜಾತಿ ಇದೇ. ಡಬ್ಲ್ಯೂ3 ಪೂರ್ತಿ ಸ್ಟೇನ್‌ಲೆಸ್ಸೇ, ಆದರೆ 430 ದರ್ಜೆಯದು, ನಿಕಲ್ ಇಲ್ಲದ್ದು. ಡಬ್ಲ್ಯೂ4 ಮೂರೂ ಭಾಗ 304 ದರ್ಜೆ. ಡಬ್ಲ್ಯೂ5 ಮೂರೂ 316. ಈ ದರ್ಜೆಗಳ ಲೆಕ್ಕ ಮುಂದೆ ಹೇಳುತ್ತೇನೆ.

ದೋಣಿಗೆ ಡಬ್ಲ್ಯೂ4ಕ್ಕಿಂತ ಕೆಳಗೆ ಇಳಿಯಬೇಡಿ.

ಪಟ್ಟಿ ಸ್ಟೇನ್‌ಲೆಸ್ ಆಗಿದ್ದು ಸ್ಕ್ರೂ ಕಬ್ಬಿಣದ್ದಾದರೆ ಅದು ಪೂರ್ತಿ ಕಬ್ಬಿಣದ ಕ್ಲಿಪ್ಪಿಗಿಂತ ಒಂದು ವಿಷಯದಲ್ಲಿ ಕೆಟ್ಟದ್ದು. ಕಬ್ಬಿಣದ ಕ್ಲಿಪ್ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಬದಲಾಯಿಸುತ್ತೀರಿ. ಈ ಅರ್ಧ ಜಾತಿಯದು ಪಟ್ಟಿ ಫಳಫಳ ಹೊಳೆಯುತ್ತಿರುವಾಗಲೇ ಗೂಡಿನೊಳಗೆ ಸ್ಕ್ರೂವಿನ ಹಲ್ಲು ತಿಂದುಹೋಗಿರುತ್ತದೆ. ಒಂದಕ್ಕೊಂದು ತಾಗಿದ ಬೇರೆ ಬೇರೆ ಲೋಹ ಒದ್ದೆಯಲ್ಲಿದ್ದರೆ ದುರ್ಬಲವಾದದ್ದು ಬೇಗ ಕರಗುತ್ತದೆ. ಇಲ್ಲಿ ದುರ್ಬಲ ಸ್ಕ್ರೂ, ಅದೂ ಅಷ್ಟು ದೊಡ್ಡ ಸ್ಟೇನ್‌ಲೆಸ್ ಪಟ್ಟಿಯ ಪಕ್ಕ ಪುಟ್ಟ ಸ್ಕ್ರೂ.

ಅಚ್ಚು ಇಲ್ಲದ ಕ್ಲಿಪ್ ಆದರೆ? ಜೇಬಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಹಳೆ ಸ್ಪೀಕರಿನದು, ಫ್ರಿಜ್ಜಿಗೆ ಅಂಟಿಸುವುದು, ಯಾವುದಾದರೂ ಆಗುತ್ತದೆ. ಪಟ್ಟಿಗೆ, ಗೂಡಿಗೆ, ಸ್ಕ್ರೂವಿಗೆ ಬೇರೆ ಬೇರೆಯಾಗಿ ಹಿಡಿಯಿರಿ. 304, 316 ಎರಡೂ ಮ್ಯಾಗ್ನೆಟ್ಟಿಗೆ ಸೆಳೆತ ತೋರುವುದಿಲ್ಲ, ತೋರಿದರೂ ಬಹಳ ಸಣ್ಣಗೆ. ತಣ್ಣಗಿರುವಾಗಲೇ ಬಗ್ಗಿಸಿ ಒತ್ತಿ ಮಾಡಿದ 304ರಲ್ಲಿ ಒಂದಿಷ್ಟು ಸೆಳೆತ ಬರುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಸ್ಕ್ರೂ ಟಪ್ಪಂತ ಅಂಟಿಕೊಂಡು ಕ್ಲಿಪ್ಪನ್ನೇ ಎತ್ತಿದರೆ ಅದು ಲೇಪದ ಕಬ್ಬಿಣ ಅಥವಾ 410, 430 ದರ್ಜೆ. ವಾಪಸ್ ಇಡಿ. ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ಅವರೇ ಮ್ಯಾಗ್ನೆಟ್ ಕೇಳಿ ತೆಗೆದುಕೊಂಡು ಬೇರೆ ಡಬ್ಬಿಗಳನ್ನೂ ನೋಡುತ್ತಾರೆ.

304 ಯಾವುದು, 316 ಯಾವುದು ಅಂತ ಮ್ಯಾಗ್ನೆಟ್ ಹೇಳುವುದಿಲ್ಲ. ಅದಕ್ಕೆ ಅಚ್ಚೇ ಗತಿ, ಇಲ್ಲವಾದರೆ ನಂಬಿಕೆಯ ಅಂಗಡಿ.

304 ಸಾಕಾ, 316 ಬೇಕಾ?

ಸ್ಟೇನ್‌ಲೆಸ್ ತುಕ್ಕು ಹಿಡಿಯದಿರಲು ಕಾರಣ ಅದರ ಮೈಮೇಲೆ ತಾನಾಗೇ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಗೀಚಿದರೂ ಗಾಳಿ ತಾಗಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಪೊರೆಗೆ ಮುಖ್ಯ ಶತ್ರು ಎರಡು. ಒಂದು ಕ್ಲೋರೈಡ್, ಅಂದರೆ ಉಪ್ಪಿನ ಅಂಶ. ಇನ್ನೊಂದು ಗಾಳಿಯಾಡದ ಒದ್ದೆ ಸಂದಿ.

304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. 316ಕ್ಕೆ ಇದರ ಜೊತೆ 2ರಿಂದ 3 ಭಾಗ ಮಾಲಿಬ್ಡಿನಂ ಸೇರಿಸುತ್ತಾರೆ, ಉಪ್ಪನ್ನು ತಡೆಯುವುದು ಅದೇ. ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ 304 ತಾಳುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ, ಅಂದರೆ 19,000 ಮಿಲಿಗ್ರಾಂ. ಹೇಮಾವತಿ, ಯಗಚಿ, ಭದ್ರಾ ಎಲ್ಲ ಘಟ್ಟದ ಮಳೆನೀರು. ಹಾಗಾಗಿ ನಮ್ಮ ಸಿಹಿನೀರಿನ ದೋಣಿಗೆ ಅಪ್ಪಟ 304 ಸಾಕು. ಮಲ್ಪೆಯಲ್ಲಿ ಓಡುವ ದೋಣಿಗೆ ಸಾಲದು, ಅಲ್ಲಿ 316.

ಅಂತರ್ಜಾಲದಲ್ಲಿ ಓದಿ ಕೆರೆ ದೋಣಿಗೂ 316ನೇ ಬೇಕು ಅಂತ ಹುಡುಕಿಕೊಂಡು ಹೋಗುವವರಿದ್ದಾರೆ. ತಪ್ಪೇನಿಲ್ಲ, ಸುಮ್ನೆ ದುಡ್ಡು ಜಾಸ್ತಿ. ಅರ್ಧ 316 ಕ್ಲಿಪ್‌ಗಿಂತ ಪೂರ್ತಿ 304 ಕ್ಲಿಪ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಪಟ್ಟಿಯ ದರ್ಜೆ ಎಷ್ಟು ದೊಡ್ಡದಾದರೇನು, ಕೈಕೊಡುವುದು ಸ್ಕ್ರೂವೇ.

ಆದರೆ ಮಲೆನಾಡಿನಲ್ಲಿ ಉಪ್ಪು ಬೇರೆ ದಾರಿಯಿಂದ ಬರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ತೋಟದಲ್ಲಿ ದೋಣಿ ನಿಲ್ಲಿಸುವುದು ಎಲ್ಲಿ? ಗೊಬ್ಬರದ ಗೋಡೌನಿನ ಪಕ್ಕದ ಶೆಡ್ಡಿನಲ್ಲಿ. ಅಲ್ಲಿ ಪೊಟ್ಯಾಷ್ ಚೀಲಗಳಿರುತ್ತವೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ತೂಕದಲ್ಲಿ ಅರ್ಧಕ್ಕೆ ಹತ್ತಿರ ಕ್ಲೋರೈಡೇ. ಮಳೆಗಾಲದಲ್ಲಿ ಚೀಲ ಬೆವರುತ್ತದೆ, ಪುಡಿ ಹಾರಿ ಕೂತಲ್ಲೆಲ್ಲ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಗಿಡದ ಬುಡಕ್ಕೆ ಸುರಿಯುವ ಡ್ರೆಂಚಿಂಗ್‌ಗೆ ಗೊಬ್ಬರ ಕಲಸಿದ ಪಂಪಿನ ಹೋಸ್ ಸುತ್ತಿ ದೋಣಿಯೊಳಗೇ ಎಸೆದಿರುವವರೂ ಇದ್ದಾರೆ. ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಲೇಪದ ಸ್ಕ್ರೂವನ್ನಂತೂ ಬೇಗ ಮುಗಿಸುತ್ತದೆ, ಸತು ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಸ್ಕ್ರೂ ತಲೆ ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗಿದ್ದು ಕಂಡರೆ ಕಾರಣ ಇದೇ. ಗೊಬ್ಬರ, ಔಷಧಿ ಮುಟ್ಟುವ ಪಂಪು ಮತ್ತು ದೋಣಿ ಒಂದೇ ಕಡೆ ಇಡುವವರು 316 ಹಾಕಿಸಿದರೆ ಅರ್ಥವಿದೆ. ಅದಕ್ಕಿಂತ ಚೀಲಗಳನ್ನು ಆಚೆ ಹಾಕುವುದು ಅಗ್ಗ.

ತೂತಿನ ಪಟ್ಟಿ, ಅಚ್ಚಿನ ಪಟ್ಟಿ

ಎರಡು ಕ್ಲಿಪ್ ಪಕ್ಕಪಕ್ಕ ಇಟ್ಟು ಪಟ್ಟಿಯ ಒಳಮೈ ನೋಡಿ. ಒಂದರಲ್ಲಿ ಸ್ಕ್ರೂವಿನ ಹಲ್ಲು ಕಚ್ಚಲು ಸೀಳುಗಳನ್ನು ಆರಪಾರ ಕತ್ತರಿಸಿರುತ್ತಾರೆ. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಇನ್ನೊಂದರಲ್ಲಿ ಸೀಳಿಲ್ಲ, ಹಲ್ಲಿನ ಗುರುತನ್ನು ಮೇಲಿನಿಂದ ಒತ್ತಿರುತ್ತಾರೆ, ಒಳಮೈ ನುಣುಪು. ಪಟ್ಟಿಯ ಎರಡೂ ಅಂಚು ಸ್ವಲ್ಪ ಮೇಲಕ್ಕೆ ಮಡಚಿರುತ್ತದೆ.

ದೋಣಿಗೆ ಎರಡನೆಯದು. ಆರಪಾರ ಸೀಳಿದ ಪಟ್ಟಿಯನ್ನು ಬಿಗಿದಾಗ ರಬ್ಬರ್ ಆ ಸೀಳುಗಳ ಒಳಗೆ ಉಬ್ಬಿ ತೂರಿಕೊಳ್ಳುತ್ತದೆ, ಚೂಪು ಅಂಚು ಅದನ್ನು ಕೊಯ್ಯುತ್ತದೆ. ಪಟ್ಟಿ ತುಂಡಾಗುವುದೂ ಸೀಳಿನ ಪಕ್ಕದ ಸಣ್ಣ ಎಳೆಯಲ್ಲೇ, ಅದೂ ಗೂಡಿನ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಅಲ್ಲಿ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. 304 ಪಟ್ಟಿಯೂ ಅಲ್ಲಿ ಸೋಲುತ್ತದೆ.

ಅಂಚನ್ನು ಬೆರಳಿನಿಂದ ಸವರಿ ನೋಡಿ. ಬೆರಳಿಗೆ ಚುರುಕ್ ಅಂದರೆ ರಬ್ಬರಿಗೂ ಅಷ್ಟೇ. ಅಗಲ ಸಾಮಾನ್ಯವಾಗಿ 9 ಮಿ.ಮೀ. ಅಥವಾ 12 ಮಿ.ಮೀ. ಸಿಗುತ್ತದೆ. ಒಂದಿಂಚು ಮತ್ತು ಅದಕ್ಕಿಂತ ದೊಡ್ಡ ಪೈಪಿಗೆ 12 ತೆಗೆದುಕೊಳ್ಳಿ.

ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಾರು ಅಳತೆಯ ಕ್ಲಿಪ್ ಸೇರಿಸಿ ಮಾರುವ ಸೆಟ್‌ಗಳು ಬರುತ್ತವೆ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಬಹುಪಾಲು ಸೀಳಿನ ಪಟ್ಟಿಯವೇ, ಬೇಕಾದ ಅಳತೆಯದು ಎರಡೋ ಮೂರೋ ಇರುತ್ತದೆ. ಗ್ಯಾಸ್ ಪೈಪಿಗೆ ಹಾಕುವ, ಕೈಯಲ್ಲೇ ತಿರುಗಿಸುವ ಕಿವಿ ಇರುವ ಕ್ಲಿಪ್‌ಗಳೂ ದೋಣಿಗೆ ಬೇಡ.

ಅಳತೆ

ಇಲ್ಲಿ ಎಡವುವವರೇ ಜಾಸ್ತಿ. ಪೈಪಿನ ಹೆಸರು ಒಳಗಿನ ಅಳತೆಯದು, ಕ್ಲಿಪ್ಪಿನ ಅಳತೆ ಹೊರಗಿನದು. "ಒಂದಿಂಚು ಪೈಪಿಗೆ ಕ್ಲಿಪ್ ಕೊಡಿ" ಅಂದರೆ ಅಂಗಡಿಯವರು ಊಹೆ ಮಾಡಿ ಕೊಡುತ್ತಾರೆ. ಒಂದಿಂಚು ಪೈಪಿನ ಗೋಡೆ 2 ಮಿ.ಮೀ. ದಪ್ಪವೂ ಇರಬಹುದು, ದೋಣಿಗೆ ಹಾಕುವ ಬಟ್ಟೆ, ತಂತಿ ಸೇರಿಸಿದ ರಬ್ಬರಾದರೆ 5 ಮಿ.ಮೀ. ದಪ್ಪವೂ ಇರಬಹುದು.

ಪೈಪನ್ನು ನಿಪ್ಪಲ್ಲಿಗೆ, ಅಂದರೆ ವಾಲ್ವ್ ಅಥವಾ ಪಂಪಿನಿಂದ ಚಾಚಿಕೊಂಡಿರುವ ಕೊಳವೆ ಬಾಯಿಗೆ, ಪೂರ್ತಿ ತೂರಿಸಿದ ಮೇಲೆ ಅಳೆಯಿರಿ, ಏಕೆಂದರೆ ಅಲ್ಲಿ ಅದು ಹಿಗ್ಗುತ್ತದೆ. ವರ್ನಿಯರ್ ಇದ್ದರೆ ಸರಿ, ಇಲ್ಲದಿದ್ದರೆ ದಾರ ಸಾಕು. ದಾರ ಒಂದು ಸುತ್ತು ಸುತ್ತಿ, ಉದ್ದ ಅಳೆದು, 3.14ರಿಂದ ಭಾಗಿಸಿ. ದಾರ 107 ಮಿ.ಮೀ. ಬಂದರೆ ಹೊರಗಿನ ಅಗಲ 34 ಮಿ.ಮೀ.

ಈಗ ಕ್ಲಿಪ್‌ಗಳ ಮೇಲೆ 20–32, 25–40, 32–50 ಅಂತೆಲ್ಲ ಬರೆದಿರುತ್ತದೆ. 34 ಅನ್ನುವುದು 25–40ರಲ್ಲೂ ಹೊಂದುತ್ತದೆ, 32–50ರಲ್ಲೂ ಹೊಂದುತ್ತದೆ. 25–40 ತೆಗೆದುಕೊಳ್ಳಿ. 32–50 ಹಾಕಿದರೆ ಬಿಗಿಯುವ ಹೊತ್ತಿಗೆ ಅದು ತನ್ನ ಮಿತಿಯ ಕೊನೆಗೆ ಬಂದಿರುತ್ತದೆ. ಗೂಡಿನ ಕೆಳಗೆ ಪಟ್ಟಿ ದುಂಡಗೆ ಕೂರದೆ ಚಪ್ಪಟೆಯಾಗುತ್ತದೆ, ಅಲ್ಲಿ ಸಂದಿ ಉಳಿಯುತ್ತದೆ, ನೀರು ಜಿನುಗುವುದು ಅಲ್ಲಿಂದಲೇ. ಮೇಲಾಗಿ ಉಳಿದ ಪಟ್ಟಿಯ ಬಾಲ ಉದ್ದಕ್ಕೆ ಚಾಚಿಕೊಂಡು, ದೋಣಿಯ ತಳದಲ್ಲಿ ಕೈ ಹಾಕಿದವರ ಬೆರಳು ಸೀಳುತ್ತದೆ. ತೀರಾ ಚಿಕ್ಕ ಕ್ಲಿಪ್ಪೂ ಕೂಡದು, ಹಲ್ಲುಗಳು ಎರಡು ಮೂರೇ ಕಚ್ಚಿರುತ್ತವೆ. ಅಳತೆ ನಡುವಿನಲ್ಲಿ ಬೀಳುವ ಕ್ಲಿಪ್ ಆರಿಸಿ.

ಎಲ್ಲ ಕಡೆಗೂ ಒಂದೇ ಕ್ಲಿಪ್ ಅಲ್ಲ

ಇಂಧನದ ಪೈಪು ಸಣ್ಣದು. ಔಟ್‌ಬೋರ್ಡಿಗೆ ಬರುವುದು ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಒಳ ಅಳತೆಯದು. ಅಷ್ಟು ಸಣ್ಣ ಸುತ್ತಿಗೆ ಸ್ಕ್ರೂ ಗೂಡಿನ ಕ್ಲಿಪ್ ದುಂಡಗೆ ಕೂರುವುದಿಲ್ಲ. ಕಾರಿನ ಫ್ಯುಯಲ್ ಲೈನಿಗೆ ಬಳಸುವ ಚಿಕ್ಕ ಬೋಲ್ಟಿನ ಕ್ಲಿಪ್ ಕೇಳಿ. ಸೀಳಿಲ್ಲದ ಪಟ್ಟಿಯ ಎರಡು ತುದಿಯನ್ನು ಒಂದು ಪುಟ್ಟ ಬೋಲ್ಟು ಎಳೆದು ಹಿಡಿಯುತ್ತದೆ. ಆಟೊಮೊಬೈಲ್ ಸ್ಪೇರ್ ಅಂಗಡಿಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ. ಸ್ಕ್ರೂ ಇಲ್ಲದೆ ಬರೀ ಸ್ಪ್ರಿಂಗ್ ಬಿಗಿಯಿಂದ ನಿಲ್ಲುವ ತಂತಿಯ ಕ್ಲಿಪ್‌ಗಳನ್ನು, ಬೈಕಿನ ಪೆಟ್ರೋಲ್ ಪೈಪಿಗೆ ಹಾಕಿರುತ್ತಾರಲ್ಲ, ಅವನ್ನು ದೋಣಿಯ ಟ್ಯಾಂಕಿನ ಪೈಪಿಗೆ ಹಾಕಲೇಬೇಡಿ. ಬೈಕಿನಲ್ಲಿ ಸೋರಿದ ಪೆಟ್ರೋಲ್ ರಸ್ತೆಗೆ ಬೀಳುತ್ತದೆ. ದೋಣಿಯಲ್ಲಿ ಅದರ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಕಿಡಿ ಹಾರಿಸಬಲ್ಲ ಬ್ಯಾಟರಿಯೂ ಅಲ್ಲೇ ಇರುತ್ತದೆ.

ಎರಡಿಂಚು, ಅದಕ್ಕಿಂತ ದಪ್ಪದ ಹೊಗೆ ಪೈಪಿಗೆ ಟಿ ಬೋಲ್ಟ್ ಕ್ಲಾಂಪ್ ಒಳ್ಳೆಯದು. ಅಗಲ ಪಟ್ಟಿ, ಬೋಲ್ಟು, ನಟ್ಟು. ಲಾರಿಯ ಟರ್ಬೊ ಪೈಪಿನಲ್ಲಿ ನೋಡಿರುತ್ತೀರಿ. ನಟ್ಟು ಬೋಲ್ಟಿಗೂ ಮ್ಯಾಗ್ನೆಟ್ ಹಿಡಿಯುವುದು ಮರೆಯಬೇಡಿ.

ತೋಟದ ಪಂಪು ನೀರು ಎಳೆಯುವ ಕಡೆಗೆ, ಅಂದರೆ ಸಕ್ಷನ್ನಿಗೆ ಬಳಸುವ, ಮೈಮೇಲೆ ಸುರುಳಿ ಏಣು ಇರುವ ಪಿವಿಸಿ ಹೋಸ್ ಇದೆಯಲ್ಲ, ಅದರ ಮೇಲೆ ಮಾಮೂಲಿ ಕ್ಲಿಪ್ ಸರಿಯಾಗಿ ಕೂರುವುದಿಲ್ಲ. ಏಣಿನ ಮೇಲೆ ಕೂತು ತಗ್ಗಿನಲ್ಲಿ ಸಂದಿ ಬಿಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಕೈಕೊಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ "ಪಂಪು ನೀರೇ ಎತ್ತುತ್ತಿಲ್ಲ" ಅಂತ ಪರದಾಡುವುದಕ್ಕೆ ಎಷ್ಟೋ ಸಲ ಈ ಸಂದಿಯಿಂದ ಎಳೆದುಕೊಳ್ಳುವ ಗಾಳಿಯೇ ಕಾರಣ. ನೀರಿನಲ್ಲಿ ಮುಳುಗಿರುವ ತುದಿಯ ಫುಟ್ ವಾಲ್ವ್ ಬಿಚ್ಚುವ ಮೊದಲು ಕ್ಲಿಪ್ ನೋಡಿ. ಸುರುಳಿಗೆ ಹೊಂದುವ ಕ್ಲಾಂಪ್‌ಗಳು ಬೇರೆಯೇ ಸಿಗುತ್ತವೆ, ಇಲ್ಲವಾದರೆ ತುದಿ ನುಣುಪಾಗಿರುವ ಹೋಸ್ ಕೊಳ್ಳಿ. ಈ ಏಣಿನ ಪಿವಿಸಿ ಹೋಸನ್ನು ದೋಣಿಯ ತಳದ ವಾಲ್ವಿಗೆ ಹಾಕುವುದು ಮಾತ್ರ ಬೇಡ.

ಸಿಲಿಕೋನ್ ಹೋಸ್ ಮೆತ್ತಗಿರುತ್ತದೆ. ಅದಕ್ಕೆ ಒಳಗೆ ಇನ್ನೊಂದು ನುಣುಪು ಪದರ ಇರುವ ಕ್ಲಿಪ್ ಬೇಕು.

ಕೂರಿಸುವುದು

ಪೈಪಿನ ತುದಿಯನ್ನು ಚೂಪಾದ ಚಾಕುವಿನಿಂದ ನೇರವಾಗಿ ಕತ್ತರಿಸಿ. ಗರಗಸದಿಂದ ಕೊಯ್ದರೆ ತುದಿ ಚಿಂದಿಯಾಗುತ್ತದೆ. ಬಿಸಿ ನೀರಲ್ಲಿ ಒಂದು ನಿಮಿಷ ಅದ್ದಿ, ನಿಪ್ಪಲ್ಲಿಗೆ ಸೋಪಿನ ನೀರು ಸವರಿ ತೂರಿಸಿ. ಗ್ರೀಸು, ಎಂಜಿನ್ ಆಯಿಲ್ ಬೇಡ, ಕೆಲವು ರಬ್ಬರ್ ಉಬ್ಬಿ ಮೆತ್ತಗಾಗುತ್ತವೆ, ಆಮೇಲೂ ಜಾರುತ್ತಲೇ ಇರುತ್ತದೆ. ಕ್ಲಿಪ್ಪನ್ನು ಮೊದಲೇ ಪೈಪಿಗೆ ಹಾಕಿಕೊಂಡಿರಬೇಕು ಅನ್ನುವುದನ್ನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ.

ಕ್ಲಿಪ್ ಕೂರಬೇಕಾದದ್ದು ಪೈಪಿನ ತುದಿಯಿಂದ 5 ಮಿ.ಮೀ. ಆಸುಪಾಸು ಒಳಗೆ, ಕೆಳಗೆ ನಿಪ್ಪಲ್ಲಿನ ಲೋಹ ಇರುವ ಜಾಗದಲ್ಲಿ. ನಿಪ್ಪಲ್ಲಿನ ತುದಿಯಲ್ಲಿ ಉಬ್ಬು ಇದ್ದರೆ ಕ್ಲಿಪ್ ಆ ಉಬ್ಬಿನ ಮೇಲಲ್ಲ, ಉಬ್ಬು ದಾಟಿದ ಮೇಲೆ. ಸ್ಕ್ರೂ ತಲೆ ಕೈಗೆ ಸಿಗುವ ಹಾಗೆ ತಿರುಗಿಸಿ ಇಡಿ, ನಾಳೆ ಕತ್ತಲಲ್ಲಿ, ಅಲುಗಾಡುವ ದೋಣಿಯಲ್ಲಿ ಅದನ್ನೇ ಬಿಗಿಯಬೇಕಾದೀತು.

ಬಿಗಿಯಲು ಸ್ಕ್ರೂಡ್ರೈವರಿಗಿಂತ ಬಾಕ್ಸ್ ಸ್ಪ್ಯಾನರ್ ವಾಸಿ. ಸ್ಕ್ರೂ ತಲೆ ಆರು ಮೂಲೆಯದು, ಹೆಚ್ಚಾಗಿ 7 ಅಥವಾ 8 ಮಿ.ಮೀ. ಸ್ಕ್ರೂಡ್ರೈವರ್ ಜಾರಿದರೆ ಪಕ್ಕದ ಪೈಪಿಗೇ ಚುಚ್ಚುತ್ತದೆ. ಪಟ್ಟಿಯ ಎರಡೂ ಬದಿ ರಬ್ಬರ್ ಒಂದೇ ಸಮ ಸ್ವಲ್ಪ ಉಬ್ಬಿತು ಅನ್ನುವಾಗ ನಿಲ್ಲಿಸಿ. ಟಾರ್ಕ್ ರೆಂಚ್ ಇರುವವರಿಗೆ 12 ಮಿ.ಮೀ. ಪಟ್ಟಿಗೆ 4ರಿಂದ 5 ನ್ಯೂಟನ್ ಮೀಟರ್. ಪಟ್ಟಿ ರಬ್ಬರಿನೊಳಗೆ ಮುಳುಗಿಹೋಗುವಷ್ಟು ಬಿಗಿದರೆ ಒಳಗಿನ ಬಟ್ಟೆ ಪದರ ತುಂಡಾಗುತ್ತದೆ. "ಇನ್ನೊಂದು ಸುತ್ತು ಹಾಕಿ ಮಾರಾಯ್ರೆ" ಅನ್ನುವ ಸಹಾಯಕರನ್ನು ಆ ಹೊತ್ತಿಗೆ ಕಾಫಿ ತರಲು ಕಳಿಸಿ.

ಸ್ಟೇನ್‌ಲೆಸ್ ಸ್ಕ್ರೂ ಸ್ಟೇನ್‌ಲೆಸ್ ಪಟ್ಟಿಯ ಮೇಲೆ ಒಣಗಿದ್ದಾಗ ಉಜ್ಜಿ ಕಚ್ಚಿಕೊಳ್ಳುವ ಸ್ವಭಾವ ಇದೆ. ಸ್ಕ್ರೂವಿನ ಹಲ್ಲಿಗೆ ಮಾತ್ರ ಒಂದು ಚೂರು ಗ್ರೀಸು ಮುಟ್ಟಿಸಿ, ನಿಧಾನ ತಿರುಗಿಸಿ. ಪವರ್ ಡ್ರಿಲ್ಲಿನಿಂದ ತಿರುಗಿಸುವ ಆತುರ ಬೇಡ.

ಎಂಜಿನ್ ಒಂದು ಸಲ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಮತ್ತೆ ಕಾಲು ಸುತ್ತು, ಅರ್ಧ ಸುತ್ತು ಹಿಡಿಯುತ್ತದೆ. ಹೊಸ ರಬ್ಬರ್ ಕುಗ್ಗುವುದು ಸಹಜ. ಇದನ್ನು ಬಿಟ್ಟವರಿಗೇ ಮೊದಲ ವಾರದಲ್ಲಿ ಜಿನುಗು ಕಾಣುವುದು.

ಎರಡು ಕ್ಲಿಪ್ ಯಾವಾಗ

ನೀರಿನ ಮಟ್ಟಕ್ಕಿಂತ ಕೆಳಗಿರುವ ಜೋಡಣೆಗೂ ಹೊಗೆ ಪೈಪಿಗೂ ಪ್ರತಿ ತುದಿಗೆ ಎರಡು ಕ್ಲಿಪ್ ಹಾಕುವುದು ದೋಣಿ ಕಟ್ಟುವವರ ರೂಢಿ. ಒಂದರ ಸ್ಕ್ರೂ ಈ ಕಡೆ, ಇನ್ನೊಂದರದು ಎದುರು ಕಡೆ. ಗೂಡಿನ ಕೆಳಗಿನ ಒತ್ತಡ ಕಡಿಮೆಯಾದ ಜಾಗ ಎರಡರದ್ದೂ ಒಂದೇ ಸಾಲಿಗೆ ಬರಬಾರದು ಅಂತ ಹೀಗೆ.

ಆದರೆ ನಿಪ್ಪಲ್ ಉದ್ದ ಇದ್ದರೆ ಮಾತ್ರ. ಚಿಕ್ಕ ನಿಪ್ಪಲ್ಲಿಗೆ ಎರಡು ಹಾಕಲು ಹೋದರೆ ಎರಡನೆಯದು ಲೋಹ ದಾಟಿ ಬರೀ ರಬ್ಬರಿನ ಮೇಲೆ ಕೂರುತ್ತದೆ. ಅದನ್ನು ಬಿಗಿದಷ್ಟೂ ಪೈಪಿನ ಕತ್ತು ಹಿಸುಕಿದ ಹಾಗೆ, ನಿಪ್ಪಲ್ಲಿನ ಅಂಚು ಒಳಗಿನಿಂದ ರಬ್ಬರನ್ನು ಕತ್ತರಿಸುತ್ತದೆ. ಅಂಥ ಕಡೆ ಒಂದೇ ಒಳ್ಳೆಯ, ಅಗಲವಾದ ಕ್ಲಿಪ್ ಹಾಕಿ. ಸಾಧ್ಯವಾದರೆ ವಾಲ್ವನ್ನೇ ಬದಲಾಯಿಸಿ, ಉದ್ದದ ನಿಪ್ಪಲ್ ಇರುವುದನ್ನು ಹಾಕಿ.

ತಳದ ಪ್ರತಿ ತೂತಿನ ಪಕ್ಕದಲ್ಲೂ ಅದಕ್ಕೆ ಹೊಂದುವ ಮೆದು ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ, ಪೈಪು ಕಳಚಿದರೆ ತೂತಿಗೆ ಜಡಿಯಲು. ಕ್ಲಿಪ್ ಎಷ್ಟೇ ಒಳ್ಳೆಯದಿರಲಿ, ಇದು ಇರಲಿ. ಆಚಾರಿಗೆ ಹೇಳಿದರೆ ಅರ್ಧ ಗಂಟೆಯ ಕೆಲಸ.

ಮಳೆಗಾಲ ಮತ್ತು ತಪಾಸಣೆ

ನಮ್ಮಲ್ಲಿ ಕ್ಲಿಪ್ ಹಾಳಾಗುವುದು ದೋಣಿ ಓಡುವಾಗ ಅಲ್ಲ, ನಿಂತಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ಟಾರ್ಪಾಲಿನ ಕೆಳಗೆ ಮಲಗಿರುತ್ತದೆ. ತಳದಲ್ಲಿ ಒಂದಿಷ್ಟು ನೀರು, ಅದರಲ್ಲಿ ಕೊಳೆಯುವ ಸಿಲ್ವರ್ ಓಕ್ ಎಲೆ, ಗಾಳಿ ಇಲ್ಲ. ಸ್ಟೇನ್‌ಲೆಸ್ ಪೊರೆಗೆ ಇದಕ್ಕಿಂತ ಕೆಟ್ಟ ವಾಸ ಬೇರೆ ಬೇಕಿಲ್ಲ. ದೋಣಿಯನ್ನು ದಡಕ್ಕೆ ಎಳೆದ ದಿನವೇ ಡ್ರೈನ್ ಪ್ಲಗ್ ತೆಗೆಯಿರಿ, ಹಿಂಭಾಗ ಸ್ವಲ್ಪ ತಗ್ಗಾಗಿರುವಂತೆ ನಿಲ್ಲಿಸಿ. ಎಲೆ, ಕೆಸರು ತೆಗೆದು ಸಿಹಿನೀರಲ್ಲಿ ತೊಳೆಯಿರಿ. ಟಾರ್ಪಾಲನ್ನು ಕಂಬ ಕೊಟ್ಟು ಎತ್ತಿ ಕಟ್ಟಿ, ಎರಡು ಬದಿಯೂ ಗಾಳಿ ಹಾಯಲಿ.

ಮಳೆ ನಿಂತ ಮೇಲೆ, ದೋಣಿ ನೀರಿಗೆ ಇಳಿಸುವ ಮೊದಲು, ಪ್ರತಿ ಕ್ಲಿಪ್ಪನ್ನೂ ಮುಟ್ಟಿ ನೋಡಿ. ಮೇಲಿನಿಂದ ನೋಡಿದರೆ ಸಾಲದು. ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕ್ಲಿಪ್ಪನ್ನು ಪೈಪಿನ ಮೇಲೆ ತುಸು ತಿರುಗಿಸಿ, ಗೂಡಿನ ಕೆಳಗಿದ್ದ ಪಟ್ಟಿಯ ಭಾಗಕ್ಕೆ ಟಾರ್ಚ್ ಬಿಡಿ. ಹಗುರವಾದ ಚಹಾ ಬಣ್ಣದ ಕಲೆ ಮಾತ್ರ ಇದ್ದರೆ ಒರೆಸಿ ಬಳಸಬಹುದು. ಗೂಡಿನ ಬಾಯಿಯಿಂದ ಕೆಂಪು ತುಕ್ಕು ಇಳಿದಿದ್ದರೆ, ಪಟ್ಟಿಯಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿದ್ದರೆ, ಸೀಳಿನ ಪಕ್ಕ ಕೂದಲೆಳೆಯ ಬಿರುಕು ಕಂಡರೆ ಬಿಸಾಡಿ. ಸ್ಕ್ರೂ ತಿರುಗುತ್ತಲೇ ಇದೆ ಆದರೆ ಪಟ್ಟಿ ಬಿಗಿಯುತ್ತಿಲ್ಲ ಅಂದರೆ ಹಲ್ಲು ಹೋಗಿದೆ, ಅದಕ್ಕೆ ರಿಪೇರಿ ಇಲ್ಲ.

ಪೈಪಿನ ತುದಿಯನ್ನೂ ಹಿಸುಕಿ ನೋಡಿ. ಕ್ಲಿಪ್ ಕೂತಿದ್ದ ಜಾಗ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸ ಕ್ಲಿಪ್ ಹಾಕಿ ಪ್ರಯೋಜನವಿಲ್ಲ. ಪೈಪಿಗೆ ಉದ್ದ ಸಾಕಷ್ಟಿದ್ದರೆ ಆ ತುದಿ ಕತ್ತರಿಸಿ ಮತ್ತೆ ಕೂರಿಸಿ, ಇಲ್ಲವಾದರೆ ಪೈಪೇ ಬದಲಾಗಬೇಕು. ಕರಾವಳಿಯಿಂದ ತಂದ ಹಳೆ ದೋಣಿಯಾದರೆ ಇಷ್ಟೆಲ್ಲ ನೋಡುತ್ತಾ ಕೂರಬೇಡಿ. ಉಪ್ಪುನೀರು ಕುಡಿದ ಕ್ಲಿಪ್‌ಗಳನ್ನು ಒಂದೂ ಬಿಡದೆ ತೆಗೆದು ಹೊಸದು ಹಾಕಿ. ದೋಣಿಯ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಕೊಳ್ಳಲು ಹೋಗುವಾಗ ಹಳೆ ಕ್ಲಿಪ್ಪಿನ ಜೊತೆ ಪೈಪಿನ ಒಂದು ತುಂಡನ್ನೂ ಒಯ್ಯಿರಿ. ಹಾಸನ, ಚಿಕ್ಕಮಗಳೂರಿನಲ್ಲಿ ಡಬ್ಲ್ಯೂ4 ಸಿಗದೆ ಹೋದರೆ ಅಂಗಡಿಯವರಿಗೆ ಹೇಳಿ ತರಿಸಬಹುದು, ಅಥವಾ ಶಿರಾಡಿ ಇಳಿದು ಮಂಗಳೂರಿಗೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿ. ಬಂದರಿನ ಆಸುಪಾಸಿನ ದೋಣಿ ಸಾಮಾನಿನ ಅಂಗಡಿಗಳಲ್ಲಿ ದರ್ಜೆ ಕೇಳಿದರೆ ವಿಚಿತ್ರವಾಗಿ ನೋಡುವುದಿಲ್ಲ. ಚೀಟಿಯಲ್ಲಿ ಹೊರ ಅಳತೆ, ಪಟ್ಟಿಯ ಅಗಲ, "ಸೀಳಿಲ್ಲದ್ದು", "ಸ್ಕ್ರೂ ಕೂಡ 304" ಅಂತ ನಾಲ್ಕೂ ಬರೆದಿರಲಿ. ಪ್ರತಿ ಅಳತೆಗೆ ಎರಡೆರಡು ಹೆಚ್ಚಿಗೆ ತರಿಸಿ, ಬಾಕ್ಸ್ ಸ್ಪ್ಯಾನರ್ ಸಮೇತ ಮುಚ್ಚಳದ ಡಬ್ಬಿಗೆ ಹಾಕಿ ದೋಣಿಯಲ್ಲೇ ಇಡಿ. ತೆಗೆದ ಹಳೆಯವನ್ನು ಅದೇ ಡಬ್ಬಿಗೆ ಹಾಕಬೇಡಿ. ಅವು ನರ್ಸರಿಯ ನೀರಿನ ಪೈಪಿಗೆ ಆಗುತ್ತವೆ.